ವೃತ್ತಿ ಬಳಗ ಬಿಡುವಾಗ ಹೇಳಿ ಹೋಗಬೇಕೇ, ಸುಮ್ಮನೆ ಜಾರಿಕೊಂಡರೆ ಸಾಕೇ?

ಹಳೆಹಾಳೆ (ಚರ್ಚೆ ಆರಂಭಿಸಿದವರು)

ನಮ್ಮದೊಂದು ಸಣ್ಣ ಬಳಗ. ಎಲ್ಲರದೂ ಒಂದೇ ವೃತ್ತಿ, ಕೆಲಸ ಮಾತ್ರ ಬೇರೆ ಬೇರೆ ಕಡೆ. ವಾರಕ್ಕೊಮ್ಮೆ ಸೇರುತ್ತೇವೆ. ಒಬ್ಬರ ರೆಸ್ಯೂಮೆ ಇನ್ನೊಬ್ಬರು ತಿದ್ದುತ್ತೇವೆ, ಅಣಕು ಸಂದರ್ಶನ ಮಾಡುತ್ತೇವೆ, ಸಂಬಳದ ಮಾತುಕತೆಗೆ ಹೋಗುವವರನ್ನು ಕೂರಿಸಿಕೊಂಡು ಎಷ್ಟು ಬೇಕು ಅಂತ ನೀನೇ ಮೊದಲು ಬಾಯಿಬಿಡಬೇಡ ಅಂತ ಹೇಳಿ ಕಳಿಸುತ್ತೇವೆ. ನಾನು ಇಲ್ಲಿಗೆ ಬಂದಾಗ ಕೈಯಲ್ಲಿ ಕೆಲಸ ಇರಲಿಲ್ಲ. ಈಗ ಹೊಸಬರಿಗೆ ಹೇಳಿಕೊಡುವವರ ಸಾಲಿನಲ್ಲಿದ್ದೇನೆ.

ಈಗ ಆ ವೃತ್ತಿಯನ್ನೇ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋಗುತ್ತಿದ್ದೇನೆ. ಇನ್ನು ಆ ಬಳಗದಲ್ಲಿ ನನಗೂ ಕೆಲಸವಿಲ್ಲ, ನನ್ನಿಂದ ಅವರಿಗೂ ಹೆಚ್ಚು ಉಪಯೋಗವಿಲ್ಲ. ಎರಡು ದಾರಿ ಕಾಣುತ್ತಿದೆ. ಒಂದು, ವಾರ ಬಿಟ್ಟು ವಾರ ಹೋಗಿ, ಆಮೇಲೆ ತಿಂಗಳಿಗೊಮ್ಮೆ ಹೋಗಿ, ಹಾಗೇ ನಿಲ್ಲಿಸುವುದು. ಇನ್ನೊಂದು, ಎದ್ದು ನಿಂತು ಹೇಳಿ ಹೋಗುವುದು. ಎರಡನೆಯದನ್ನು ಯೋಚಿಸಿದರೆ ಮುಜುಗರ. ನಾನೇನು ಅಷ್ಟು ದೊಡ್ಡ ಮನುಷ್ಯನೇ, ಬೀಳ್ಕೊಡುಗೆ ಮಾಡಿಸಿಕೊಳ್ಳೋಕೆ? ಇಂಥ ಬಳಗ ಬಿಟ್ಟವರು ಏನು ಮಾಡಿದಿರಿ, ಹೇಳಿ.

ನೇರನುಡಿ

ಸುಮ್ಮನೆ ಹೋಗಿ. ವಿದಾಯ ಭಾಷಣ ಮಾಡುವುದು ಮಾಡುವವರ ಸಮಾಧಾನಕ್ಕೆ, ಕೇಳುವವರಿಗಲ್ಲ. ಇಂಥ ಬಳಗಕ್ಕೆ ಜನ ಬರುವುದು ಅಗತ್ಯ ಇದ್ದಾಗ, ಅಗತ್ಯ ತೀರಿದ ಮೇಲೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಕೆಲವರಿದ್ದಾರೆ, ಕಣ್ಣಲ್ಲಿ ನೀರು ತುಂಬಿಕೊಂಡು ವಿದಾಯ ಹೇಳಿ, ಆರು ತಿಂಗಳಿಗೆ ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಆಗ ಮುಖ ಎಲ್ಲಿಟ್ಟುಕೊಳ್ಳಬೇಕು?

ಗಾಳಿಮಾತು

ವಾಟ್ಸ್ಆ್ಯಪ್‌ನವರೇ 2022ರಲ್ಲಿ ಸದ್ದಿಲ್ಲದೆ ಗ್ರೂಪ್ ಬಿಡುವ ಸೌಲಭ್ಯ ಕೊಟ್ಟರು. ಅಡ್ಮಿನ್‌ಗೆ ಬಿಟ್ಟು ಇನ್ಯಾರಿಗೂ ಸೂಚನೆ ಹೋಗಲ್ಲ. ಜಗತ್ತು ನೇರನುಡಿಯವರ ಕಡೆಗಿದೆ 😀

ಸಂಜೆಪಾಳಿ

ಉಳಿದವರ ಕಡೆಯಿಂದ ಒಂದು ಮಾತು. ನಮ್ಮ ಬಳಗದಲ್ಲೂ ಒಬ್ಬ ಹಿರಿಯರಿದ್ದರು, ಹೀಗೇ ಜಾರಿಕೊಂಡರು. ಮೊದಲು ಮೈಗೆ ಹುಷಾರಿಲ್ಲವೇನೋ ಅಂದುಕೊಂಡೆವು, ಆಮೇಲೆ ಕೆಲಸದ ಒತ್ತಡ ಇರಬೇಕು ಅಂದುಕೊಂಡೆವು. ನಮಗೆ ಅದೇನೂ ದೊಡ್ಡ ವಿಷಯವಾಗಲಿಲ್ಲ. ಆದರೆ ಒಬ್ಬ ಹುಡುಗನಿಗೆ ಅವರು ಅಣಕು ಸಂದರ್ಶನ ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದರು. ಅವನ ನಿಜವಾದ ಸಂದರ್ಶನ ಅದೇ ವಾರ. ಆ ಸಂಜೆ ಅವನು ಪ್ರಿಂಟ್ ಹಾಕಿಸಿಕೊಂಡ ಹಾಳೆಗಳನ್ನು ಮೊಣಕಾಲ ಮೇಲೆ ಸರಿಯಾಗಿ ಜೋಡಿಸಿಟ್ಟುಕೊಂಡು, ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು, ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದ. ಕೊನೆಗೆ ನಾನೇ ಕೂತು ಪ್ರಶ್ನೆ ಕೇಳಿದೆ. ಆದರೆ ಅವನ ವಿಭಾಗದ ಕೆಲಸ ನನಗೆ ಗೊತ್ತಿಲ್ಲ, ಏನು ಕೇಳಲಿ?

ಆ ಹಿರಿಯರು ಭಾಷಣ ಮಾಡಬೇಕಿರಲಿಲ್ಲ. ನಾನು ಬರಲ್ಲ, ಇವನನ್ನು ಇಂಥವರು ನೋಡಿಕೊಳ್ಳಲಿ ಅಂದಿದ್ದರೆ ಸಾಕಿತ್ತು.

ನೇರನುಡಿ

ಅದು ಕೊಟ್ಟ ಮಾತು ತಪ್ಪಿದ್ದು, ವಿದಾಯ ಹೇಳದೇ ಇದ್ದದ್ದಲ್ಲ. ಎರಡನ್ನೂ ಕಲಸಬೇಡಿ.

ಸಂಜೆಪಾಳಿ

ಹೇಳದೇ ಹೋದ್ದರಿಂದಲೇ ಮಾತು ತಪ್ಪಿತು. ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳುವವನಿಗೆ, ಯಾರಿಗೆ ಏನು ಬಾಕಿ ಇದೆ ಅನ್ನೋದು ತಾನಾಗಿಯೇ ನೆನಪಾಗುತ್ತೆ.

ಲೆಕ್ಕದವಳು

ಭಾವನೆಯ ಮಾತು ಬದಿಗಿಡೋಣ, ಸ್ವಾರ್ಥದ ಲೆಕ್ಕದಿಂದಲೇ ಹೇಳುತ್ತೇನೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಒಂದು ಪ್ರಶ್ನೆ ಕೇಳಿದರು: ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪ ಅಂದವರು ಶೇ. 27.8. ಕೆಲಸದ ಸುದ್ದಿ ತಂದುಕೊಟ್ಟವರು ಆಪ್ತರಲ್ಲ, ದೂರದ ಪರಿಚಯದವರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತೆ. ದೂರದವರು ಓಡಾಡುವ ಜಾಗವೇ ಬೇರೆ, ಅವರಿಗೆ ಬೀಳುವ ಸುದ್ದಿಯೇ ಬೇರೆ.

ಈಗ ನಿಮ್ಮ ವಿಷಯಕ್ಕೆ ಬನ್ನಿ. ಬಳಗ ಬಿಟ್ಟ ದಿನದಿಂದ ಅಲ್ಲಿರುವ ಎಲ್ಲರೂ ನಿಮಗೆ ದೂರದ ಪರಿಚಯದವರಾಗುತ್ತಾರೆ. ನೀವೂ ಅವರಿಗೆ ಹಾಗೇ. ಅಂದರೆ ಅವರು ಹೆಚ್ಚು ಉಪಯೋಗಕ್ಕೆ ಬರುವುದು ಇನ್ನು ಮುಂದೆ! ಮುಖ ತಪ್ಪಿಸಿ ಹೋದವರಿಗೆ ಎರಡು ವರ್ಷ ಬಿಟ್ಟು ಫೋನ್ ಮಾಡೋಕೆ ನಾಲಿಗೆ ಏಳಲ್ಲ. ಹೇಳಿ ಹೋದವರಿಗೆ ಆ ಕಷ್ಟ ಇಲ್ಲ.

ನೇರನುಡಿ

ಆ ಲೆಕ್ಕದಲ್ಲಿದ್ದವರು 54 ಜನ. ಎಲ್ಲರೂ ಬಾಸ್ಟನ್ ಪಕ್ಕದ ಒಂದೇ ಊರಿನವರು. ಐವತ್ತು ವರ್ಷದ ಹಿಂದಿನ ಮಾತು.

ಲೆಕ್ಕದವಳು

ಓದಿದ್ದೀರಿ, ಸಂತೋಷ. ಹಾಗಾದರೆ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದನ್ನೂ ಓದಿರಬೇಕು. ವೃತ್ತಿ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳ ಲೆಕ್ಕ ಅದು. ಅಲ್ಲೂ ದುರ್ಬಲ ನಂಟೇ, ಅಂದರೆ ದೂರದ ಪರಿಚಯವೇ, ಗೆದ್ದಿತು. ಒಂದು ತಿದ್ದುಪಡಿ ಇದೆ: ತೀರಾ ದುರ್ಬಲವಾದದ್ದಲ್ಲ, ಒಂದಷ್ಟು ಜನ ಇಬ್ಬರಿಗೂ ಗೊತ್ತಿರುವಂಥ ನಡುವಿನ ನಂಟು. ಬಳಗ ಬಿಟ್ಟವರ ನಂಟು ಸರಿಯಾಗಿ ಅದೇ ಜಾಗದಲ್ಲಿ ಬರುತ್ತೆ.

ಹಾಗೆಯೇ 2011ರಲ್ಲಿ ಲೆವಿನ್, ವಾಲ್ಟರ್, ಮರ್ನಿಗನ್ ಎಂಬ ಮೂವರು ಸಂಶೋಧಕರು ಕೆಲವು ಅಧಿಕಾರಿಗಳಿಗೆ ಒಂದು ಕೆಲಸ ಕೊಟ್ಟರು. ಮೂರು ವರ್ಷವಾದರೂ ಮಾತಾಡದ ಹಳೇ ಪರಿಚಯದವರನ್ನು ಹುಡುಕಿ, ಈಗಿನ ಕೆಲಸದ ಬಗ್ಗೆ ಸಲಹೆ ಕೇಳಬೇಕು. ದಿನಾ ಮಾತಾಡುವವರು ಕೊಟ್ಟ ಸಲಹೆಗಿಂತ ಇವರದರಲ್ಲಿ ಹೊಸತು ಹೆಚ್ಚಿತ್ತು. ನಂಬಿಕೆ ಹಳೆಯದು, ಸುದ್ದಿ ಹೊಸದು.

ನೇರನುಡಿ

ಸರಿ, ಆ ಮಾತಿಗೆ ಒಪ್ಪಿದೆ. ಮುಂದೆ ಬೇಕಾಗಬಹುದು ಅಂತ ಈಗ ನಗುಮುಖ ಮಾಡುವುದು ಮಾತ್ರ ನನ್ನ ಜಾಯಮಾನಕ್ಕೆ ಒಗ್ಗಲ್ಲ.

ಮೂರನೇಮಹಡಿ

ನಿಮಗೆಲ್ಲ ಹೇಳಿ ಹೋಗುವ ಅವಕಾಶವಾದರೂ ಇದೆ. ನಮ್ಮಲ್ಲಿ ಒಂದು ಬೆಳಿಗ್ಗೆ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಐಟಿಯವರಿಗೆ ಫೋನ್ ಮಾಡಿದರೆ ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡಿ ಅಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ತಂಡದ ಅರ್ಧ ಜನ ಮನೆಯಲ್ಲಿದ್ದೆವು. ಪಕ್ಕದಲ್ಲಿ ಕೂರುತ್ತಿದ್ದವಳ ಸ್ವಂತ ನಂಬರ್ ನನ್ನ ಹತ್ತಿರ ಇರಲಿಲ್ಲ. ಯಾಕಿರಬೇಕು? ದಿನಾ ಎದುರಿಗೇ ಇರುತ್ತಿದ್ದಳು, ಚಾಟ್ ಮಾಡುತ್ತಿದ್ದದ್ದು ಕಂಪನಿಯದರಲ್ಲೇ.

ಅದಕ್ಕಿಂತ ಪೆಟ್ಟು ಕೊಟ್ಟದ್ದು ಇನ್ನೊಂದು. ನಮ್ಮಲ್ಲಿ ಕೆಲವರ ಲಿಂಕ್ಡ್‌ಇನ್ ಖಾತೆಗೆ ಇದ್ದದ್ದು ಕಚೇರಿಯ ಇಮೇಲ್ ಒಂದೇ. ಹೊಸ ಫೋನಿನಿಂದ ಒಳಗೆ ಹೋಗೋಣ ಅಂದರೆ ದೃಢೀಕರಣದ ಸಂಖ್ಯೆ ಹೋಗುವುದು ಆ ಮುಚ್ಚಿದ ಇಮೇಲ್‌ಗೆ. ಕೆಲಸ ಹುಡುಕಬೇಕಾದ ವಾರದಲ್ಲೇ ಕೆಲಸ ಹುಡುಕುವ ಬಾಗಿಲು ಹಾಕಿಕೊಂಡಿತ್ತು. ಇದನ್ನು ಓದುತ್ತಿರುವವರು ಈಗಲೇ ಎದ್ದು ಸ್ವಂತ ಇಮೇಲ್ ಸೇರಿಸಿ, ಮೊಬೈಲ್ ನಂಬರ್ ಸೇರಿಸಿ. ಚರ್ಚೆ ಎಲ್ಲೂ ಹೋಗಲ್ಲ, ಆಮೇಲೆ ಬಂದು ಓದಿ.

ವಿದಾಯ ಹೇಳದೇ ಇರುವುದು ಎಷ್ಟು ಕಾಡುತ್ತೆ ಅಂತ ನನಗೆ ಗೊತ್ತಾದದ್ದು ಆಗ. ನೆನಪಿನಿಂದ ಹೆಸರು ಬರೆದುಕೊಂಡು, ಒಬ್ಬೊಬ್ಬರನ್ನೇ ಹುಡುಕಿ ನಾಲ್ಕು ಸಾಲು ಕಳಿಸಿದೆ. ಯಾರ ಹೆಸರು ಮೊದಲು ಬಂತು ಅಂದರೆ ನೀವು ನಂಬಲ್ಲ. ನಮ್ಮ ತಂಡದವರದಲ್ಲ. ಬೇರೆ ವಿಭಾಗದಲ್ಲಿದ್ದು, ನಾನು ಸೇರಿದ ಹೊಸತರಲ್ಲಿ ಪ್ರಿಂಟರ್ ಹತ್ತಿರ ನಿಂತು, ಈ ಫಾರ್ಮನ್ನು ಹೀಗೆ ತುಂಬಿದರೆ ವಾಪಸ್ ಬರಲ್ಲ ಅಂತ ಹೇಳಿಕೊಟ್ಟವರದು.

ಹೊಸಬಳು

ಇಂಥದ್ದೇ ಒಂದು ಬಳಗದಲ್ಲಿ ನಾನು ಇನ್ನೂ ಕಲಿಯುವ ಕಡೆ ಇರುವವಳು. ಹಳೆಹಾಳೆ ಅವರೇ, ನಮಗೆ ಭಾಷಣ ಬೇಡ. ನೀವು ಹೋಗುವುದು ನಮ್ಮ ಮೇಲಿನ ಬೇಸರಕ್ಕಲ್ಲ ಅಂತ ಗೊತ್ತಾಗಬೇಕು. ನಗಬೇಡಿ. ತಿದ್ದಿಸಿಕೊಳ್ಳಲು ಒಂದೇ ರೆಸ್ಯೂಮೆಯನ್ನು ನಾಲ್ಕನೇ ಸಲ ಕಳಿಸಿದ ಮೇಲೆ ಯಾರಾದರೂ ಬರುವುದು ನಿಲ್ಲಿಸಿದರೆ, ನನ್ನಿಂದಲೇ ಇರಬೇಕು ಅನಿಸುತ್ತೆ.

ಇನ್ನೊಂದು. ನನಗೆ ತಿದ್ದಿಕೊಟ್ಟವರು ನನ್ನ ರೆಸ್ಯೂಮೆಯಲ್ಲಿ ‘ಜವಾಬ್ದಾರಿ ವಹಿಸಿದ್ದೆ’ ಅಂತ ಇದ್ದ ಕಡೆಯೆಲ್ಲ ಗೀಟು ಹಾಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಅದರಿಂದ ಏನು ಬದಲಾಯಿತು?’ ಅಂತ ಬರೆದಿದ್ದರು. ಪುಟದ ತುಂಬ ಅದೇ ಪ್ರಶ್ನೆ. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ಅವರು ಈಗ ಎಲ್ಲಿದ್ದಾರೋ. ನನಗೆ ಕೆಲಸ ಸಿಕ್ಕಿತು ಅಂತ ಹೇಳಬೇಕಿತ್ತು, ಹೇಳೋಕೆ ವಿಳಾಸವೇ ಇಲ್ಲ. ಹೋಗುವವರು ಬರೀ ತಮ್ಮ ಕಡೆಯಿಂದ ಯೋಚಿಸುತ್ತಾರೆ. ನಮಗೂ ಥ್ಯಾಂಕ್ಸ್ ಹೇಳುವ ಒಂದು ಅವಕಾಶ ಬೇಡವೇ?

ಹಳೆಹಾಳೆ

ಹೊಸಬಳು ಅವರ ಕೊನೆಯ ಸಾಲು ತಟ್ಟಿತು. ಹೇಳಿಯೇ ಹೋಗುತ್ತೇನೆ. ಈಗ ಹೇಗೆ ಅನ್ನುವುದಕ್ಕೆ ಸಹಾಯ ಮಾಡಿ.

ಕಡತಪಾಲಕ

ಸಂದೇಶ ಬರೆಯುವುದು ಆಮೇಲೆ. ಮೊದಲು ಕೈಯಲ್ಲಿರುವುದನ್ನು ಖಾಲಿ ಮಾಡಿ.

ವರ್ಷಗಟ್ಟಲೆ ಬೇರೆಯವರ ರೆಸ್ಯೂಮೆ ತಿದ್ದಿದ್ದೀರಿ. ಅಂದರೆ ನಿಮ್ಮ ಇಮೇಲ್‌ನಲ್ಲಿ, ಡೌನ್‌ಲೋಡ್ ಫೋಲ್ಡರ್‌ನಲ್ಲಿ ಹತ್ತಾರು ಜನರ ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ ಬಿದ್ದಿದೆ. ಸಂಬಳದ ಮಾತುಕತೆಗೆ ಸಲಹೆ ಕೇಳಿದವರು ಸಂಬಳದ ಚೀಟಿಯನ್ನೇ ಕಳಿಸಿರುತ್ತಾರೆ. ಯಾರು ಯಾವ ಮೇಲಧಿಕಾರಿಯ ಕಾಟಕ್ಕೆ ಕೆಲಸ ಬಿಡುತ್ತಿದ್ದಾರೆ ಅನ್ನುವುದೂ ಬರಹದಲ್ಲಿರುತ್ತೆ. ಅದನ್ನೆಲ್ಲ ಅವರು ಕೊಟ್ಟದ್ದು ಬಳಗದ ಸದಸ್ಯರಾದ ನಿಮಗೆ. ನೀವು ಹೊರಗೆ ಹೋದ ಮೇಲೆ ಅದು ನಿಮ್ಮ ಹತ್ತಿರ ಇರಬಾರದು. ಅಳಿಸಿ, ಅಳಿಸಿದ್ದೇನೆ ಅಂತ ಹೇಳಿ. ವಿದಾಯದ ಸಂದೇಶದಲ್ಲಿ ಬೇರೇನೂ ಇಲ್ಲದಿದ್ದರೂ ಈ ಒಂದು ಸಾಲು ಇರಲಿ.

ಎರಡನೆಯದು ಹಂಚಿಕೊಂಡ ಕಡತಗಳು. ಪ್ರಶ್ನೆಗಳ ಪಟ್ಟಿ, ಮಾದರಿ ಪತ್ರಗಳು ಗೂಗಲ್ ಡ್ರೈವ್‌ನಲ್ಲಿ ಯಾರ ಹೆಸರಿನಲ್ಲಿವೆ ನೋಡಿ. ನಿಮ್ಮ ಕಚೇರಿ ಖಾತೆಯಲ್ಲಿ ಮಾಡಿದ್ದರೆ, ಆ ಖಾತೆ ಅಳಿಸಿದ ದಿನ ಕಡತಗಳೂ ಹೋಗಬಹುದು. ಬೇರೆಯವರು ಅದನ್ನು ತೆರೆಯಬಲ್ಲರು ಅನ್ನುವುದಕ್ಕೂ ಅದು ಅವರದ್ದಾಗಿದೆ ಅನ್ನುವುದಕ್ಕೂ ವ್ಯತ್ಯಾಸವಿದೆ. ಒಂದು ಪ್ರತಿ ಮಾಡಿಸಿ, ಉಳಿಯುವವರ ಹೆಸರಿನಲ್ಲಿ ಇರಲಿ.

ಮೂರನೆಯದೇ ದೊಡ್ಡದು, ಯಾರೂ ಯೋಚಿಸದೇ ಇರುವುದು. ಎಷ್ಟು ಜನರ ಅರ್ಜಿಯಲ್ಲಿ ಶಿಫಾರಸುದಾರರ ಜಾಗದಲ್ಲಿ ನಿಮ್ಮ ಹೆಸರಿದೆ? ನಾಳೆ ಯಾವುದೋ ಸಂಸ್ಥೆಯವರು ನಿಮಗೆ ಫೋನ್ ಮಾಡಿ ಇಂಥವರು ಹೇಗೆ ಅಂತ ಕೇಳಿದಾಗ ನೀವು ಆ ವೃತ್ತಿಯಲ್ಲೇ ಇರಲ್ಲ, ಹುದ್ದೆ ಬದಲಾಗಿರುತ್ತೆ, ನಂಬರ್ ಬದಲಾಗಿರಬಹುದು. ಅಭ್ಯರ್ಥಿಯ ತಪ್ಪಿಲ್ಲದೆ ಅವನ ಅರ್ಜಿ ಮೂಲೆ ಸೇರುತ್ತೆ. ಹಾಗಾಗಿ ಒಬ್ಬೊಬ್ಬರಿಗೂ ಹೇಳಿ: ನಿನಗೆ ಇನ್ನೂ ಮಾತಾಡಬಲ್ಲೆ, ಇದು ನನ್ನ ಹೊಸ ನಂಬರ್, ಹುದ್ದೆ ಹೀಗೆ ಬರಿ. ಇಲ್ಲವೇ, ಇನ್ನು ಬೇರೆಯವರನ್ನು ಹುಡುಕಿಕೋ. ಎರಡರಲ್ಲಿ ಒಂದು. ಉತ್ತರ ಇಲ್ಲ ಅಂತಾದರೂ ಪರವಾಗಿಲ್ಲ, ಅನುಮಾನದಲ್ಲಿ ಇಡಬಾರದು.

ಸಂಜೆಪಾಳಿ

ಇದಕ್ಕೆ ಒಂದು ಸೇರಿಸಿ. ನೀವು ಅಣಕು ಸಂದರ್ಶನ ಮಾಡಿಸುತ್ತಿದ್ದ ಯಾರದ್ದಾದರೂ ಅರ್ಧಕ್ಕೆ ನಿಂತಿದ್ದರೆ, ಮುಂದೆ ಮಾಡಿಸುವವರ ಜೊತೆ ಒಮ್ಮೆ ಮೂವರೂ ಕೂರಿ. ಈ ಹುಡುಗ ಕಷ್ಟದ ಪ್ರಶ್ನೆ ಬಂದರೆ ಬೇಗ ಬೇಗ ಮಾತಾಡ್ತಾನೆ ಅನ್ನುವಂಥದ್ದನ್ನು ಯಾವ ಕಡತದಲ್ಲೂ ಬರೆದಿರಲ್ಲ. ಅದನ್ನು ಅವನೆದುರಿಗೇ ಹೇಳಿ, ಬೆನ್ನ ಹಿಂದೆ ಬೇಡ.

ನಿವೃತ್ತರು

ಯಾವಾಗ ಹೇಳಬೇಕು ಅನ್ನುವ ಬಗ್ಗೆ ಎರಡು ಮಾತು. ತುಂಬ ಮುಂಚೆ ಹೇಳಿದರೆ ಉಳಿದ ದಿನಗಳೆಲ್ಲ ಬೀಳ್ಕೊಡುಗೆಯಾಗಿಬಿಡುತ್ತೆ. ಕೊನೆಯ ದಿನ ಹೇಳಿದರೆ ಹಸ್ತಾಂತರಕ್ಕೆ ಸಮಯವಿಲ್ಲ. ವಾರಕ್ಕೊಮ್ಮೆ ಸೇರುವ ಬಳಗಕ್ಕೆ ಮೂರು ನಾಲ್ಕು ಸಭೆ ಮುಂಚೆ ಹೇಳಿದರೆ ಸಾಕು. ಎಲ್ಲರಿಗೂ ಹೇಳುವ ಮುನ್ನ ಬಳಗ ನಡೆಸುವವರಿಗೆ ಹೇಳಿ. ಗುಂಪಿನಲ್ಲಿ ಕೇಳಿ ಅವರಿಗೆ ಮೊದಲ ಸಲ ಗೊತ್ತಾಗುವುದು ಚೆನ್ನಾಗಿರಲ್ಲ.

ಕೊನೆ ಯಾಕೆ ಚೆನ್ನಾಗಿರಬೇಕು ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಅವರ ಜೊತೆಯವರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಇಡಬೇಕು. ಇನ್ನೊಂದು ಸರದಿಯಲ್ಲಿ ಅದೇ ಒಂದು ನಿಮಿಷ, ಜೊತೆಗೆ ಇನ್ನೂ ಅರ್ಧ ನಿಮಿಷ. ಆದರೆ ಆ ಅರ್ಧ ನಿಮಿಷದಲ್ಲಿ ನೀರನ್ನು 15 ಡಿಗ್ರಿಗೆ ಬರುವಂತೆ ನಿಧಾನಕ್ಕೆ ಬಿಸಿ ಮಾಡುತ್ತಾರೆ. ಎರಡರಲ್ಲಿ ಯಾವುದನ್ನು ಮತ್ತೆ ಮಾಡ್ತೀರಿ ಅಂದರೆ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಹೆಚ್ಚು ಹೊತ್ತು ನೋವು ತಿಂದಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು, ನೆನಪಿನಲ್ಲಿ ಉಳಿದದ್ದು ಅದು. ಒಂದು ಡಿಗ್ರಿ ಅಷ್ಟೇ! ನಾನು ಕೆಲಸದಲ್ಲಿದ್ದಾಗ ಇಪ್ಪತ್ತು ವರ್ಷ ಚೆನ್ನಾಗಿ ದುಡಿದು, ಕೊನೆಯ ತಿಂಗಳು ಎಲ್ಲರ ಮೇಲೂ ರೇಗಾಡಿ ಹೋದವರನ್ನು ನೋಡಿದ್ದೇನೆ. ಅವರ ಹೆಸರು ಬಂದರೆ ಈಗಲೂ ಜನ ಆ ಒಂದು ತಿಂಗಳ ಕಥೆಯನ್ನೇ ಹೇಳುತ್ತಾರೆ. ಅನ್ಯಾಯ, ಆದರೆ ಹಾಗೇ ಇದೆ.

ಹಳೆಹಾಳೆ

ಒಂದು ಕರಡು ಬರೆದೆ. ದಯವಿಟ್ಟು ಕತ್ತರಿ ಆಡಿಸಿ.

“ಪ್ರಿಯ ಸ್ನೇಹಿತರೇ, ಭಾರವಾದ ಹೃದಯದಿಂದ ಈ ಸಂದೇಶ ಬರೆಯುತ್ತಿದ್ದೇನೆ. ಇಷ್ಟು ವರ್ಷಗಳ ಈ ಸುಂದರ ಪಯಣದಲ್ಲಿ ನೀವೆಲ್ಲರೂ ನನಗೆ ಕುಟುಂಬದಂತೆ ಇದ್ದಿರಿ. ತಿಳಿದೋ ತಿಳಿಯದೆಯೋ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ. ನಾನು ಎಲ್ಲೇ ಇದ್ದರೂ ನಿಮ್ಮೊಂದಿಗೇ ಇರುತ್ತೇನೆ. ಯಾವಾಗ ಬೇಕಾದರೂ, ಯಾವ ಸಹಾಯಕ್ಕಾದರೂ ಸಂಪರ್ಕಿಸಿ.”

ನೇರನುಡಿ

ಹೃದಯ ಭಾರವಾಗಿದ್ದರೆ ಡಾಕ್ಟರ್‌ಗೆ ತೋರಿಸಿ. ಈ ಸಂದೇಶವನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ನಿಮ್ಮ ಬಳಗದ ಒಂದು ವಿಷಯವೂ ಇದರಲ್ಲಿಲ್ಲ.

ಲೆಕ್ಕದವಳು

ಮಾತು ಒರಟು, ವಿಷಯ ಸರಿ. ‘ಯಾವಾಗ ಬೇಕಾದರೂ, ಯಾವ ಸಹಾಯಕ್ಕಾದರೂ’ ಅನ್ನುವುದನ್ನು ತೆಗೆಯಿರಿ. ನಿಮ್ಮಿಂದ ಆಗಲ್ಲ, ಅವರಿಗೂ ಅದು ಗೊತ್ತು, ಹಾಗಾಗಿ ಯಾರೂ ಫೋನ್ ಮಾಡಲ್ಲ. ಆಗುವಷ್ಟನ್ನೇ ಹೇಳಿ. ಉದಾಹರಣೆಗೆ, ‘ವೃತ್ತಿ ಬದಲಿಸುವ ಯೋಚನೆಯಲ್ಲಿರುವವರು ಕೇಳಿ, ನಾನು ಹೇಗೆ ಮಾಡಿದೆ ಅಂತ ಹೇಳುತ್ತೇನೆ.’ ಇಷ್ಟು ಸಣ್ಣದಾಗಿ ಹೇಳಿದರೆ ಕೇಳುವವರಿಗೆ ಧೈರ್ಯ ಬರುತ್ತೆ.

ನಿವೃತ್ತರು

‘ಕುಟುಂಬದಂತೆ’ ಬೇಡ. ಕುಟುಂಬ ಬಿಟ್ಟು ಹೋಗುವವರಿಗೆ ಬೇರೆ ಹೆಸರಿದೆ.

ಹಳೆಹಾಳೆ

🙏 ಎರಡನೇ ಕರಡು:

“ಎಲ್ಲರಿಗೂ ನಮಸ್ಕಾರ. ನಾನು ಈ ವೃತ್ತಿ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋಗುತ್ತಿದ್ದೇನೆ. ಈ ತಿಂಗಳ ಕೊನೆಯ ಸಭೆ ನನ್ನ ಕೊನೆಯ ಸಭೆ. ಕೆಲಸವಿಲ್ಲದೆ ಇಲ್ಲಿಗೆ ಬಂದಾಗ, ಎರಡು ಉದ್ಯೋಗಗಳ ನಡುವಿನ ಆ ಖಾಲಿ ವರ್ಷವನ್ನು ಸಂದರ್ಶನದಲ್ಲಿ ಮುಚ್ಚಿಡಬೇಡ, ನೇರವಾಗಿ ಹೇಳು ಅಂತ ಕಲಿಸಿದ್ದು ಈ ಬಳಗ. ಅದು ಈಗಲೂ ಕೈ ಹಿಡಿಯಿತು. ನಾನು ಮಾಡಿಸುತ್ತಿದ್ದ ಸಂದರ್ಶನದ ತಯಾರಿಯನ್ನು ಇನ್ನು ಮುಂದೆ ಇಬ್ಬರು ನೋಡಿಕೊಳ್ಳುತ್ತಾರೆ, ಅವರೇ ನಿಮ್ಮೊಂದಿಗೆ ಮಾತಾಡುತ್ತಾರೆ. ನೀವು ನನಗೆ ಕಳಿಸಿದ್ದ ರೆಸ್ಯೂಮೆ, ಸಂಬಳದ ವಿವರ ಎಲ್ಲವನ್ನೂ ಅಳಿಸಿದ್ದೇನೆ. ಅರ್ಜಿಯಲ್ಲಿ ನನ್ನ ಹೆಸರು ಕೊಟ್ಟಿರುವವರಿಗೆ ಬೇರೆಯಾಗಿ ಬರೆಯುತ್ತೇನೆ. ವೃತ್ತಿ ಬದಲಿಸುವ ಬಗ್ಗೆ ಯಾರಿಗಾದರೂ ಮಾತಾಡಬೇಕೆನಿಸಿದರೆ ಕೆಳಗಿನ ಇಮೇಲ್‌ಗೆ ಬರೆಯಿರಿ.”

ಕಡತಪಾಲಕ

ಇದು ಸಂದೇಶ. ‘ಅಳಿಸಿದ್ದೇನೆ’ ಅಂತ ಬರೆಯುವ ಮುನ್ನ ನಿಜವಾಗಿಯೂ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ.

ಮೂರನೇಮಹಡಿ

ಎಲ್ಲರಿಗೂ ಒಂದು ಆಯಿತು. ಇದಲ್ಲದೆ ನಾಲ್ಕೈದು ಜನರಿಗೆ ಬೇರೆ ಬೇರೆಯಾಗಿ ಬರೆಯಿರಿ. ನಿಮಗೆ ಅವರು ಮಾಡಿದ ಒಂದೇ ಒಂದು ಕೆಲಸ ಹೆಸರಿಸಿ. ನಾನು ಹಾಗೆ ಬರೆದವರಲ್ಲಿ ಹೆಚ್ಚಿನವರಿಗೆ ಆ ಘಟನೆಯೇ ನೆನಪಿರಲಿಲ್ಲ! ಪ್ರಿಂಟರ್ ಹತ್ತಿರ ಸಹಾಯ ಮಾಡಿದವರು ‘ಹೌದಾ, ನಾನಾ?’ ಅಂತ ಉತ್ತರಿಸಿದರು.

ಹಳೆಹಾಳೆ

ಹಾಗೆ ಒಬ್ಬೊಬ್ಬರಿಗೇ ಬರೆದರೆ ಅವರಿಗೆ ಮುಜುಗರ ಆಗಲ್ವಾ?

ಲೆಕ್ಕದವಳು

ಅದನ್ನೂ ಅಳೆದವರಿದ್ದಾರೆ. ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಎಂಬ ಇಬ್ಬರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಓದುವವರಿಗೆ ಹೇಗನಿಸಬಹುದು ಅಂತ ಊಹಿಸಲು ಹೇಳಿದರು. ಆಮೇಲೆ ಓದಿದವರನ್ನೇ ಕೇಳಿದರು. ಓದಿದವರಿಗೆ ಆದ ಸಂತೋಷ ಬರೆದವರ ಊಹೆಗಿಂತ ಹೆಚ್ಚು, ಮುಜುಗರ ಊಹೆಗಿಂತ ಕಡಿಮೆ. ಬರೆದವರು ಭಾಷೆ ಸರಿಯಾಯಿತೋ ಇಲ್ಲವೋ ಅಂತ ಯೋಚಿಸುತ್ತಾರೆ, ಓದುವವರು ಅದನ್ನು ಅಷ್ಟಾಗಿ ನೋಡುವುದಿಲ್ಲ.

ಗಾಳಿಮಾತು

ಒಂದು ಗಂಭೀರ ಪ್ರಶ್ನೆ, ಅಪರೂಪಕ್ಕೆ. ಬಳಗದಲ್ಲಿ ಒಬ್ಬರ ಜೊತೆ ಮಾತು ಬಿಟ್ಟಿರುತ್ತೆ ಅಂದುಕೊಳ್ಳಿ. ಅವರಿಗೂ ಬೇರೆಯಾಗಿ ಬರೆಯಬೇಕಾ?

ನೇರನುಡಿ

ಬೇಡ. ಎಲ್ಲರಿಗೂ ಹೋಗುವ ಸಂದೇಶ ಅವರಿಗೂ ಹೋಗುತ್ತೆ. ಅಷ್ಟು ಸಾಕು.

ನಿವೃತ್ತರು

ಬಹುತೇಕ ಒಪ್ಪುತ್ತೇನೆ. ಹೋಗುವ ಹೊತ್ತಿಗೆ ಹಳೇ ಜಗಳ ಬಿಚ್ಚಿದರೆ ಸರಿಪಡಿಸುವ ಸಮಯ ಇರಲ್ಲ, ಅವರು ಉತ್ತರ ಕೊಡುವಷ್ಟರಲ್ಲಿ ನೀವು ಹೋಗಿರುತ್ತೀರಿ. ಆದರೆ ಅವರಿಂದ ಏನಾದರೂ ಕಲಿತದ್ದು ನಿಜವಾಗಿದ್ದರೆ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ, ಜಗಳದ ಮಾತು ಎತ್ತಬೇಡಿ. ಉತ್ತರ ಬರದಿದ್ದರೆ ಬೇಸರ ಬೇಡ.

ಕಡತಪಾಲಕ

ಹಳೆಹಾಳೆ, ಮರೆಯುವ ಮುನ್ನ: ಬಳಗದ ವಾಟ್ಸ್ಆ್ಯಪ್ ಗ್ರೂಪಿಗೆ ಅಡ್ಮಿನ್ ನೀವೊಬ್ಬರೇ ಅಲ್ಲ ತಾನೇ? ಒಬ್ಬರೇ ಆಗಿದ್ದು ಹಾಗೇ ಹೊರಗೆ ಹೋದರೆ ಅದು ಯಾರನ್ನೋ ಒಬ್ಬರನ್ನು ತಾನೇ ಅಡ್ಮಿನ್ ಮಾಡಿಬಿಡುತ್ತೆ.

ಹಳೆಹಾಳೆ

ಒಬ್ಬನೇ ಇದ್ದೆ. ಈಗಷ್ಟೇ ಇನ್ನಿಬ್ಬರನ್ನು ಸೇರಿಸಿದೆ. ಇಬ್ಬರೂ ‘ಯಾಕೆ?’ ಅಂತ ಕೇಳುತ್ತಿದ್ದಾರೆ, ಫೋನ್ ಮಾಡಿ ಹೇಳಬೇಕು.